ಮಾವನವರು ಡಬ್ಬಿ ನೋಡಲು ಹೋದದ್ದು

ನಮ್ಮ ಮಾವನವರು ನಾಲ್ಕು ಮಂದಿಯನ್ನು ಕೇಳದೆ ಒಂದು ಕೆಲಸಕ್ಕೂ ಕೈ ಹಾಕಿದವರಲ್ಲ. ಕೇಳಿದ ಮೇಲೆ ಆ ನಾಲ್ಕು ಮಂದಿಯಲ್ಲಿ ಒಬ್ಬರ ಮಾತನ್ನೂ ಕಿವಿಗೆ ಹಾಕಿಕೊಂಡವರೂ ಅಲ್ಲ. ಬೈಲಹೊಂಗಲದ ಪೇಟೆಯಲ್ಲಿ ರೈತರ ಹತ್ತಿಯನ್ನು ದಲಾಲಿಯ ಮೇಲೆ ಮಾರಿಕೊಡುವ ಅಡತಿ ಅಂಗಡಿ ನಡೆಸಿ, ಮಗನಿಗೆ ಗಾದಿ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ಮೊದಲು ಮಾಲು ಹೊತ್ತು ಬಂದ ರೈತರಾದರೂ ಎದುರು ಇರುತ್ತಿದ್ದರು, ಆ ಗುಣ ಅವರ ಮೇಲೆ ಸ್ವಲ್ಪ ಖರ್ಚಾಗುತ್ತಿತ್ತು. ಈಗ ಪೂರ್ತಿ ನಮ್ಮ ಪಾಲಿಗೇ ಬಂತು.

ನಾನು ಸವದತ್ತಿಯಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ಮನೆಯಲ್ಲಿ ಟಿ.ವಿ. ಇರಲಿಲ್ಲ. ಟಿ.ವಿ. ಬಂದರೆ ಮನೆ ಕೆಡುತ್ತದೆ ಎಂದು ಮಾವನವರು ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಹೇಳುತ್ತಿದ್ದರು. ಒಂದು ದೀಪಾವಳಿಗೆ ಟಿ.ವಿ. ಬಂತು. "ಬಾತ್ಮಿ ನೋಡಾಕ ಬೇಕ ಆಗತೈತಿ" ಅಂದರು. ಬಾತ್ಮಿ ಎಂದರೆ ಸುದ್ದಿ; ಆ ಮನೆಯಲ್ಲಿ ಮುಂದೆ ಬಂದದ್ದೆಲ್ಲ ಆ ಒಂದು ಶಬ್ದದ ಬೆನ್ನ ಮೇಲೆ ಕುಳಿತೇ ಬಂತು. ಆಮೇಲೆ ಊರಿಗೆ ಕೇಬಲ್ ಬಂದಾಗ, "ಇದನ್ನ ಹಾಕಿಸಿದ್ರ ಹೆಣ್ಮಕ್ಕಳು ಕೆಡತಾರ" ಎಂದು ಮತ್ತೆ ಕಟ್ಟೆ ಹತ್ತಿದರು. ನನ್ನ ಗಂಡ ಬಾಯಿ ಬಿಡಲಿಲ್ಲ. ಅವರಿಗೆ ಬಾಯಿ ಬಿಡುವ ಅಭ್ಯಾಸ ಅಂಗಡಿಯಲ್ಲಿ ಮಾತ್ರ. ಪೇಟೆಯ ಉಳಿದ ಅಡತಿಯವರ ಮನೆಗೆಲ್ಲ ಕೇಬಲ್ ಬಂದ ಮೇಲೆ ನಮ್ಮ ಮನೆಗೂ ವೈರು ಬಂತು, ನಾವು ಕೆಡಲು ಶುರು ಮಾಡಿದೆವು.

ಆ ವೈರು ನಮ್ಮ ಮನೆಯಲ್ಲಿ ನಿಲ್ಲಲಿಲ್ಲ. ಹಿತ್ತಲ ಗೋಡೆಯ ಆಚೆಗೆ ಒಂದು ಮುಸ್ಲಿಂ ಕುಟುಂಬವಿತ್ತು. ಗಂಡ ಟ್ರಕ್ ಓಡಿಸುವವನು. ಕಬ್ಬಿನ ಹಂಗಾಮು ಶುರುವಾದರೆ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯ ಗೇಟಿನ ಮುಂದೆ ಸರದಿ ಹಚ್ಚಿ ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ. ಹೆಂಡತಿ ಮನೆಯಲ್ಲಿ ಜಂಪರು, ಅಂದರೆ ರವಿಕೆ, ಹೊಲಿಯುತ್ತಿದ್ದಳು. ನಾವೆಲ್ಲ ಅವಳನ್ನು ಭಾಬಿ ಅನ್ನುತ್ತಿದ್ದೆವು. ಅವಳ ಮನೆಯಲ್ಲಿ ಟಿ.ವಿ. ಇತ್ತು, ಕೇಬಲ್ ಇರಲಿಲ್ಲ. ಹಾಕಿಸುವ ಮಾತು ಎತ್ತಿದರೆ ಗಂಡ, "ನಾ ಮನ್ಯಾಗ ಇರೂದ ಇಲ್ಲ, ಯಾರ ನೋಡಾವ್ರು?" ಅನ್ನುತ್ತಿದ್ದನಂತೆ. ಮನೆಯಲ್ಲಿ ಇರುವವಳು ನೋಡುತ್ತಾಳೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅದನ್ನು ನಮ್ಮ ಅತ್ತೆ ಹೊಳೆಸಿಕೊಂಡರು. ಕೇಬಲ್ಲಿನವನನ್ನು ಹಿತ್ತಲಿಗೆ ಕರೆದು, ಚಹಾ ಕೊಟ್ಟು, ನಮ್ಮ ವೈರಿನಿಂದ ಒಂದು ಕವಲು ತೆಗೆಸಿ ಗೋಡೆಯ ಮೇಲಿನಿಂದ ದಾಟಿಸಿದರು. ಮಾವನವರಿಗೆ ತಿಳಿದದ್ದು ಆಮೇಲೆ. ಆಗಲೇ ಓಣಿಯವರು "ದೊಡ್ಡ ಮನಸ್ಸು" ಎಂದು ಹೊಗಳಿಬಿಟ್ಟಿದ್ದರಿಂದ ಅದನ್ನು ತಾವೇ ಮಾಡಿಸಿದಂತೆ ಒಪ್ಪಿಕೊಂಡರು.

ಸಂಜೆ ದೀಪ ಹಚ್ಚಿದ ಮೇಲೆ ಒಂದು ಧಾರಾವಾಹಿ ಬರುತ್ತಿತ್ತು. ಅತ್ತೆ ನಮ್ಮ ಪಡಸಾಲೆಯಲ್ಲಿ ನೋಡುತ್ತಿದ್ದರು, ಭಾಬಿ ತನ್ನ ಹೊಲಿಗೆ ಯಂತ್ರದ ಮುಂದೆ. ಜಾಹೀರಾತು ಬಂದ ಕೂಡಲೇ ಇಬ್ಬರೂ ಹಿತ್ತಲಿಗೆ ಓಡಿ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. "ಆಕಿ ಸುಳ್ಳ ಹೇಳಾಕತ್ತಾಳ ನೋಡು." "ಹೌದ್ರಿ ಅಕ್ಕಾರ, ಆ ಅತ್ತಿನೂ ಕಡಿಮಿ ಇಲ್ಲ." ಅಷ್ಟರಲ್ಲಿ ಜಾಹೀರಾತು ಮುಗಿದ ಸದ್ದು ಎರಡೂ ಮನೆಯಿಂದ ಒಟ್ಟಿಗೇ ಕೇಳುತ್ತಿತ್ತು, ಇಬ್ಬರೂ ಒಳಗೆ ಓಡುತ್ತಿದ್ದರು. ಮೊಣಕಾಲು ನೋವೆಂದು ದೇವರ ಗುಡಿಗೂ ಹೋಗದಿದ್ದ ನಮ್ಮ ಅತ್ತೆ ಆ ಹೊತ್ತಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಿದ್ದರೋ. ಬೆಳಗಿನಿಂದ ರಾತ್ರಿಯವರೆಗೆ ಅವರು ಏನು ಅಡುಗೆ ಮಾಡಬೇಕು, ಯಾರ ಮನೆಗೆ ಹೋಗಬೇಕು, ಯಾವ ಸೀರೆ ಉಡಬೇಕು ಎಂಬುದನ್ನೆಲ್ಲ ಬೇರೆಯವರೇ ಹೇಳುತ್ತಿದ್ದರು. ಅವರದೇ ಅನ್ನುವಂಥದ್ದು ದಿನದಲ್ಲಿ ಅದೊಂದು ಹೊತ್ತು ಮಾತ್ರ.

ಹಾಗೆಯೇ ಹತ್ತು ಹನ್ನೆರಡು ವರ್ಷ ನಡೆಯಿತು. ನಡುವೆ ಕೆಟ್ಟದ್ದು ಕೇಬಲ್ಲು. ಕೇಬಲ್ಲಿನವನ ಮನೆಯಲ್ಲಿ ಕರೆಂಟು ಹೋದರೆ ಊರಿನ ಅರ್ಧ ಟಿ.ವಿ.ಗಳಲ್ಲಿ ಚಿತ್ರ ಹೋಗುತ್ತಿತ್ತು. ಅವನ ತಮ್ಮನ ಮದುವೆಯಾದಾಗ ಇಡೀ ದಿನ ಒಂದು ಚಾನಲ್ಲಿನಲ್ಲಿ ಅಕ್ಕಿಕಾಳು ಹಾಕುವುದನ್ನೇ ತೋರಿಸಿದ. ನಾವೂ ಕುಳಿತು ನೋಡಿದೆವು ಅನ್ನಿ. ಯಾರು ಯಾವ ಸೀರೆ ಉಟ್ಟಿದ್ದಾರೆ ಅಂತ ಗೊತ್ತಾಗಬೇಕಲ್ಲ. ಆದರೆ ಮಾವನವರ ಸುದ್ದಿಯ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಸಾಸಿವೆ ಸಿಡಿಯತೊಡಗಿತು. ಅವರು ಎದ್ದು ಟಿ.ವಿ.ಯ ತಲೆಗೆ ಬಡಿಯುತ್ತಿದ್ದರು.

ಎರಡು ಸಾವಿರದ ಐದೋ ಆರೋ ಇರಬೇಕು, ಕಿತ್ತೂರಿನಿಂದ ಸುದ್ದಿ ಬಂತು. ಅಲ್ಲಿ ಮಾವನವರ ಷಡ್ಡಕರು, ಅಂದರೆ ನಮ್ಮ ಅತ್ತೆಯ ತಂಗಿಯ ಗಂಡ, ಮಾಳಿಗೆಯ ಮೇಲೆ ಛತ್ರಿ ಕೂಡಿಸಿ ಡಬ್ಬಿ ತಂದಿದ್ದಾರಂತೆ. ಛತ್ರಿ ಎಂದರೆ ಡಿಶ್ಶು. ನಮ್ಮ ಕಡೆ ಯಾರೂ ಡಿಶ್ ಅನ್ನುವುದಿಲ್ಲ. ಡಬ್ಬಿ ಎಂದರೆ ಟಿ.ವಿ.ಯ ಪಕ್ಕ ಕೂರುವ ಪೆಟ್ಟಿಗೆ. ಚಿತ್ರ ಗಾಜಿನಷ್ಟು ತಿಳಿ, ಚಾನಲ್ಲುಗಳಿಗೆ ಲೆಕ್ಕವಿಲ್ಲ ಎಂದು ಷಡ್ಡಕರು ಫೋನಿನಲ್ಲಿ ಹೇಳಿದರು. ಮಾವನವರು "ಹೌದನ? ಛಲೋ ಆತು" ಎಂದು ಫೋನಿಟ್ಟರು. ಆ ದಿನ ಅವರಿಗೆ ರೊಟ್ಟಿ ಸೇರಲಿಲ್ಲ. ಷಡ್ಡಕರಿಗಿಂತ ಮೊದಲು ಇವರು ಅಳಿಯನಾಗಿ ಆ ಮನೆಯ ಹೊಸ್ತಿಲು ತುಳಿದವರು. ಅಂದಿನಿಂದಲೂ ಎಲ್ಲದರಲ್ಲೂ ಒಂದು ಹೆಜ್ಜೆ ಮುಂದಿರುವುದು ತಮ್ಮ ಹಕ್ಕು ಎಂದು ನಂಬಿಕೊಂಡಿದ್ದರು.

ಮರುದಿನ ಊಟಕ್ಕೆ ಕುಳಿತಾಗ, "ಡಬ್ಬಿ ತಗೋಬೇಕೋ ಬ್ಯಾಡೋ ವಿಚಾರ ಮಾಡಬೇಕು" ಅಂದರು.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಡಬ್ಬಿ ಬಂದ್ರ ಕೇಬಲ್ ತೆಗಸ್ತೀರೇನ್ರಿ?" ಅಂದರು.

"ಮತ್ತ? ಎರಡೆರಡ ಇಟಗೊಂಡು ಏನ್ ಉಪ್ಪಿನಕಾಯಿ ಹಾಕೂದೇನು?"

"ಭಾಬಿ ಮನಿ ವೈರು?"

"ಮೊದಲ ದೊಡ್ಡ ವಿಷಯ ಮುಗೀಲಿ. ನಿನಗೇನ್ ತಿಳಿತೈತಿ ಇದರಾಗ" ಎಂದು ಮಾವನವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಡಬ್ಬಿಯ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗತೊಡಗಿದರು. "ಹಳೇ ಕಾಲದಾಕಿ, ಹೊಸಾದ ಅಂದ್ರ ಅಂಜತಾಳ" ಎಂದು ಮಾವನವರು ನನ್ನ ಗಂಡನಿಗೆ ಹೇಳಿದರು. ಹೊಸದಕ್ಕೆ ಯಾರು ಅಂಜಿ ಕಟ್ಟೆ ಹತ್ತುತ್ತಿದ್ದರು ಎಂಬುದು ನೆನಪಿದ್ದವಳು ನಾನೊಬ್ಬಳೇ. ನಾನು ಸೊಸೆ, ನೆನಪಿಟ್ಟುಕೊಳ್ಳಬಹುದಿತ್ತು, ಹೇಳುವ ಹಾಗಿರಲಿಲ್ಲ.

ನಮ್ಮ ಮನೆಯಲ್ಲಿ ವಿಚಾರ ಮಾಡುವುದು ಎಂದರೆ ಬಸ್ಸು ಹತ್ತುವುದು. ಕನ್ಯಾ ನೋಡಲು ಹೋಗುವಂತೆಯೇ ಎಲ್ಲ ನಡೆಯಿತು. ಒಳ್ಳೆಯ ವಾರ ನೋಡಿ, ಇಸ್ತ್ರಿಯ ಧೋತರ ಉಟ್ಟು, ಟೊಪ್ಪಿಗೆ ಇಟ್ಟು ಹೊರಟರು. ಕನ್ಯಾ ನೋಡಲು ಗಂಡಸೊಬ್ಬನೇ ಹೋದರೆ ಚೆಂದವಲ್ಲ ಎಂದೋ ಏನೋ, ಜೊತೆಗೆ ನನ್ನನ್ನೂ ಹೊರಡಿಸಿದರು. ಅತ್ತೆಗೆ ಮೊಣಕಾಲು ನೋವು ಎಂಬುದು ಎಲ್ಲ ಪ್ರಯಾಣಕ್ಕೂ ಇರುವ ಸಿದ್ಧ ಉತ್ತರ. ಅವರ ಸ್ವಂತ ತಂಗಿಯ ಮನೆ ಅದು. ಬರುತ್ತೀಯಾ ಎಂದು ಕೇಳಿದವರಿಲ್ಲ.

ಕಿತ್ತೂರಿನಲ್ಲಿ ಷಡ್ಡಕರು ಸಿದ್ಧವಾಗಿದ್ದರು. ಡಬ್ಬಿಯ ಮೇಲೆ ಕಸೂತಿ ಹಾಕಿದ ಅರಿವೆ ಮುಚ್ಚಿತ್ತು. ಮೊದಲು ಶಿರಾ, ಅವಲಕ್ಕಿ, ಚಹಾ. ಆಮೇಲೆ ಷಡ್ಡಕರು ನಿಧಾನವಾಗಿ ಅರಿವೆ ಸರಿಸಿದರು. ಮಾವನವರು ಕನ್ನಡಕ ಏರಿಸಿ ಡಬ್ಬಿಯ ಮೋರೆ ನೋಡಿದರು, ಬಗ್ಗಿ ಅದರ ಬೆನ್ನು ನೋಡಿದರು. "ಇದರ ಬೆಳಕ ಯಾಕ ಕೆಂಪ ಐತಿ?" ಎಂದು ಕೇಳಿದರು. "ಮಲಗಿದ್ರ ಕೆಂಪು, ಎದ್ದ್ರ ಹಸರ" ಎಂದು ಷಡ್ಡಕರು ಅಂದರು. ಮಾವನವರು ಅದಕ್ಕೆ ತಲೆಯಾಡಿಸುವ ಮೊದಲೇ ಮುಂದಿನ ಪ್ರಶ್ನೆ ಕೇಳಿದ್ದರು. ಚಾನಲ್ಲು ತಿರುಗಿಸುವ ರಿಮೋಟು ಷಡ್ಡಕರ ಕೈಯಲ್ಲೇ ಇತ್ತು. ಮಾವನವರು ಒಂದೆರಡು ಸಲ ಕೈ ಚಾಚಿದರು, ಅವರು ಕೊಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ, ನನ್ನನ್ನು ಕರೆದು ಮೆಲ್ಲಗೆ, "ಅಕ್ಕ ಹೆಂಗದಾಳ? ನನಗ ಮಾತ್ರ ಈ ಡಬ್ಬಿ ಬಂದಾಗಿಂದ ಒಂದೂ ನೋಡಾಕ ಸಿಕ್ಕಿಲ್ಲ ನೋಡವಾ. ರಿಮೋಟ್ ಅವರ ಕೈ ಬಿಟ್ಟ ಬರಂಗಿಲ್ಲ" ಅಂದರು. ಡಬ್ಬಿಯ ಬಗ್ಗೆ ಆ ಪ್ರವಾಸದಲ್ಲಿ ಕೇಳಿದ ಒಂದೇ ಒಂದು ಉಪಯೋಗದ ಮಾತು ಅದು. ಅದನ್ನು ಕೇಳಲು ಮಾವನವರು ಅಡುಗೆಮನೆಗೆ ಬರಬೇಕಿತ್ತು.

ಮುಂದೆ ಸವದತ್ತಿ, ನನ್ನ ತವರು. ಹುಣ್ಣಿವೆಯ ಲೆಕ್ಕ ನೋಡದೆ ಹೊರಟದ್ದರಿಂದ ಬಸ್ಸಿನ ತುಂಬ ದೇವಿಯ ಗುಡ್ಡಕ್ಕೆ ಹೋಗುವ ಭಕ್ತರು. ಅವರ ಭಂಡಾರದ ಅರಿಶಿಣ ಮೆತ್ತಿಕೊಂಡ ಧೋತರದಲ್ಲಿ ಮಾವನವರು ನಮ್ಮ ಮನೆ ಹೊಕ್ಕರು. ನನ್ನ ಅಪ್ಪ, "ಮಳಿಗಾಲದಾಗ ಚಿತ್ರ ನಿಲ್ಲಂಗಿಲ್ರಿ ಬೀಗರ, ಮೋಡ ಬಂದ್ರ ಹೋತು" ಎಂದು ತಮಗೆ ಗೊತ್ತಿದ್ದದ್ದು ಹೇಳಿದ. ಮಾವನವರು, "ಅಲ್ಲಾ, ಕಿತ್ತೂರಾಗ ಹಂಗೇನ ಅನ್ಲಿಲ್ಲ" ಅಂದರು. ಕಿತ್ತೂರಿನಲ್ಲಿ ಮೋಡದ ಮಾತು ಕೇಳಿದವರೇ ಇರಲಿಲ್ಲ. ಕೊನೆಗೆ ರಾಮದುರ್ಗ, ನನ್ನ ನಾದಿನಿಯ ಮನೆ. ಅಲ್ಲಿ ಡಬ್ಬಿಯೂ ಇರಲಿಲ್ಲ, ಕೇಬಲ್ಲೂ ಇರಲಿಲ್ಲ, ಅಳಿಯಂದಿರಿಗೆ ಟಿ.ವಿ.ಯೇ ಆಗದು. ಮತ್ತೆ ಯಾಕೆ ಹೋದೆವೆಂದರೆ, ಅಳಿಯನನ್ನು ಕೇಳದಿದ್ದರೆ ಅವನಿಗೆ ಸಿಟ್ಟು ಬರುತ್ತದೆ. ಅಳಿಯಂದಿರು "ತಗೋಬ್ಯಾಡ್ರಿ ಮಾವಾರ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಬೈಲಹೊಂಗಲಕ್ಕೆ ಮರಳಿದ ಮೇಲೆ ಮಾವನವರು ಕಟ್ಟೆಯ ಮೇಲೆ ಕುಳಿತು, "ಎಲ್ಲಾರನ್ನೂ ಕೇಳಿದ್ವಿ. ಎಲ್ಲಾರೂ ತಗೋರಿ ಅಂದ್ರು" ಎಂದು ಓಣಿಗೆ ಸಾರಿದರು. ನಾನು ಬಾಗಿಲ ಹಿಂದೆ ನಿಂತು ನಕ್ಕೆ.

ತೀರ್ಮಾನವಾದ ಆ ಸಂಜೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. "ಭಾಬಿಗೆ ಹೆಂಗ ಹೇಳೂದವಾ?" ಅಂದರು. ಅವರ ಕಣ್ಣು ತುಂಬಿತ್ತು. ಒಂದು ಟಿ.ವಿ. ವೈರಿಗೆ ಕಣ್ಣೀರು ಎಂದರೆ ಕೇಳಿದವರು ನಗುತ್ತಾರೆ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಮೂರು ಊರಿನ ಬಸ್ಸು ಹತ್ತಿ ಇಳಿದ ಮನುಷ್ಯನಿಗೆ ಅಡುಗೆಮನೆಯ ತನಕ ನಡೆಯಲು ಕಾಲು ಬರಲಿಲ್ಲವಲ್ಲ ಎಂದು ಒಳಗೇ ಕುದ್ದೆ. ಮರುದಿನ ಕಟ್ಟೆಯ ಮೇಲೆ ಪೇಟೆಯ ಹಿರಿಯರು ಕುಳಿತಿದ್ದಾಗ ಚಹಾ ಕೊಡುವ ನೆವದಲ್ಲಿ ನಾನು, "ಮಾವಾರ, ಡಬ್ಬಿ ಬಂದ ಮ್ಯಾಲೂ ಭಾಬಿ ಮನಿಗೆ ಲೈನ್ ಕೊಡತೀರಂತ ಓಣ್ಯಾಗ ಎಲ್ಲಾರೂ ಹೊಗಳಾಕತ್ತಾರ್ರಿ" ಅಂದೆ. ಮಾವನವರು ಮೀಸೆ ತಿರುವಿ, "ಕೊಡೂದ ಮತ್ತ. ಹೇಳಿ ಕೇಳಿ ನೆರಿಮನಿ" ಅಂದರು. ಅವರನ್ನು ಹೊಗಳಿಯೇ ದಾರಿಗೆ ತರಬೇಕೆಂಬುದು ಆ ಮನೆಯಲ್ಲಿ ನಾನು ಕಲಿತ ಮೊದಲ ವಿದ್ಯೆ.

ಡಬ್ಬಿ ಕೂಡಿಸುವವನು ಬಂದ ದಿನ ಮಾಳಿಗೆಯ ಮೇಲೆ ಜಗಳ. ಅವನು ಛತ್ರಿಯ ಮೋರೆಯನ್ನು ದಕ್ಷಿಣದ ಕಡೆಗೆ ತಿರುಗಿಸಿದ್ದ. "ತೆಂಕಣಕ್ಕ ಮಾರಿ ಮಾಡಿ ಇಡಬ್ಯಾಡ, ಮನಿಗೆ ಛಲೋ ಅಲ್ಲ. ಮೂಡಲಕ್ಕ ತಿರುಗಸು" ಎಂದು ಮಾವನವರು. "ಅಜ್ಜಾರ, ಉಪಗ್ರಹ ಅಲ್ಲೇ ಐತಿ. ಅದನ್ನ ನಾ ತಿರುಗಸಾಕ ಬರಂಗಿಲ್ಲ" ಎಂದು ಅವನು. ಒಂದು ತಾಸು ಹೀಗೇ ನಡೆಯಿತು. ಕೊನೆಗೆ ಛತ್ರಿಯ ಬುಡಕ್ಕೆ ಒಂದು ನಿಂಬೆಹಣ್ಣು ಕಟ್ಟಿ ದಕ್ಷಿಣದ ದೋಷ ಕಳೆದರು.

ಅವನು ಕೆಳಗಿಳಿದು ಡಬ್ಬಿಗೆ ವೈರು ಹಚ್ಚಿ, ಅದರ ಬೆನ್ನಿನಿಂದ ಇನ್ನೊಂದು ವೈರು ಎಳೆದು ಗೋಡೆ ದಾಟಿಸಿ ಭಾಬಿಯ ಟಿ.ವಿ.ಗೆ ಕೊಟ್ಟ. ಆಮೇಲೆ ಪಡಸಾಲೆಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡ್ರಿ, ಕೇಬಲ್ಲಿನಂಗ ಅಲ್ಲ ಇದು. ಡಬ್ಬಿ ಒಂದ. ನೀವು ಇಲ್ಲಿ ಏನ್ ಹಚ್ತೀರೋ ಅಲ್ಲೂ ಅದ ಕಾಣತೈತಿ. ಅವರಿಗೆ ಬ್ಯಾರೆ ಹಚ್ಚಾಕ ಬರಂಗಿಲ್ಲ. ತಿಳೀತಲ್ಲ?"

ಮಾವನವರು ಕಿಟಕಿಯಿಂದ ಮಾಳಿಗೆಯತ್ತ ಕತ್ತೆತ್ತಿ, ನಿಂಬೆಹಣ್ಣು ನೆಟ್ಟಗೆ ಇದೆಯೋ ಇಲ್ಲವೋ ನೋಡುತ್ತಿದ್ದರು. "ಹೂಂ, ತಿಳೀತು ತಿಳೀತು" ಅಂದರು. ಅತ್ತೆ ನನ್ನತ್ತ ನೋಡಿದರು. ನಾನು ಅತ್ತೆಯತ್ತ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಅವರು ತಿಳೀತು ಅಂದ ಮೇಲೆ ಮತ್ತೆ ತಿಳಿಸುವುದು ದೊಡ್ಡವರಿಗೆ ಅವಮಾನ ಮಾಡಿದಂತಾಗುತ್ತದಲ್ಲ.

ಅಂದಿನಿಂದ ಡಬ್ಬಿಯ ರಿಮೋಟು ಮಾವನವರ ಅಂಗಿಯ ಕಿಸೆ ಸೇರಿತು. ಹಳೆಯ ಟಿ.ವಿ. ರಿಮೋಟು ಮಾತ್ರ ಪ್ಲಾಸ್ಟಿಕ್ ಸುತ್ತಿಕೊಂಡು ಕಪಾಟಿನ ಮೇಲೆ ಇರುತ್ತಿತ್ತು. ಅದರಿಂದ ಸದ್ದು ಏರಿಸುವುದು ಇಳಿಸುವುದಷ್ಟೇ ಸಾಧ್ಯ. ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಮಾವನವರು ಸುದ್ದಿ ಹಚ್ಚುತ್ತಿದ್ದರು. ಒಂದು ಚಾನಲ್ಲಿನ ಸುದ್ದಿ ಮುಗಿದರೆ ಇನ್ನೊಂದು ಚಾನಲ್ಲಿನ ಅದೇ ಸುದ್ದಿ. ಅತ್ತೆ ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದರು. ಗೋಡೆಯಾಚೆ ಭಾಬಿಯ ಟಿ.ವಿ.ಯಲ್ಲೂ ಅದೇ ಸುದ್ದಿ ಓದುವ ದನಿ ಕೇಳುತ್ತಿತ್ತು. ಕೆಲ ದಿನಗಳ ಮೇಲೆ ಅದೂ ನಿಂತಿತು. ಜಾಹೀರಾತು ಬಂದರೆ ಅತ್ತೆ ಅಭ್ಯಾಸಬಲದಿಂದ ಎದ್ದು ಹಿತ್ತಲ ಬಾಗಿಲತನಕ ಹೋಗಿ, ಮಾತಾಡಲು ಏನೂ ಇಲ್ಲವೆಂದು ನೆನಪಾಗಿ ಮರಳಿ ಬಂದು ಕೂರುತ್ತಿದ್ದರು. ನಾನು ಒಮ್ಮೆ ಧೈರ್ಯ ಮಾಡಿ, "ಮಾವಾರ, ಅತ್ತಿಯಾರ ಸೀರಿಯಲ್ ಹೊತ್ತಾತ್ರಿ" ಅಂದೆ. "ಬಾತ್ಮಿ ಬಿಟ್ಟು ಆ ಅಳೂ ಸೀರಿಯಲ್ ಯಾಕ ನೋಡಬೇಕು? ತಿಳುವಳಿಕಿ ಬೆಳಸಗೋರಿ" ಎಂಬ ಉತ್ತರ ಬಂತು.

ಮಧ್ಯಾಹ್ನ ಊಟವಾದ ಮೇಲೆ ನಾವು ಹೆಂಗಸರು ಒಳಕೋಣೆಯಲ್ಲಿ ಅಡ್ಡಾಗುತ್ತಿದ್ದೆವು. ಮಾವನವರು ಪಡಸಾಲೆಯ ಬಾಗಿಲು ಮುಚ್ಚಿ, "ನಾನೂ ಸ್ವಲ್ಪ ಕಣ್ಣ ಮುಚ್ಚತೇನಿ. ಯಾರೂ ಎಬ್ಬಿಸಬ್ಯಾಡ್ರಿ" ಅನ್ನುತ್ತಿದ್ದರು. ಪಡಸಾಲೆಯಿಂದ ಸದ್ದೇ ಇರುತ್ತಿರಲಿಲ್ಲ. ಆದರೆ ಗೋಡೆಯಾಚೆ, ಭಾಬಿಯ ಮನೆಯಿಂದ, ಆಗಾಗ ಢಂ ಢಂ ಎಂದು ಒಂದು ವಿಲಾಯತಿ ವಾದ್ಯ ಬಾರಿಸಿ ನಿಲ್ಲುತ್ತಿತ್ತು.

ಒಂದು ದಿನ ನಾನು ಜಂಪರಿನ ಅಳತೆ ಕೊಡಲು ಭಾಬಿಯ ಮನೆಗೆ ಮಧ್ಯಾಹ್ನವೇ ಹೋದೆ. ಒಳಗೆ ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಿದ್ದರು. ಟಿ.ವಿ.ಯಲ್ಲಿ ಬಿಳಿಯ ತೊಗಲಿನ ಹುಡುಗಿಯರು, ಮೈಮೇಲೆ ಇದ್ದೂ ಇಲ್ಲದಂಥ ಬಟ್ಟೆ ತೊಟ್ಟು, ಒಬ್ಬಳ ಹಿಂದೆ ಒಬ್ಬಳು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಹೊರಳಿ ಹೋಗುತ್ತಿದ್ದರು. ಹೋಗುವುದು ಬರುವುದು, ಅಷ್ಟೇ ಕಾರ್ಯಕ್ರಮ.

"ಭಾಬಿ, ಏನಿದು?" ಅಂದೆ.

ಭಾಬಿ ಕತ್ತರಿಯನ್ನು ಕೆಳಗಿಟ್ಟು, "ನಾ ಹಚ್ಚಿದ್ದಲ್ಲವಾ" ಎಂದು ಪಿಸುಗುಟ್ಟಿದಳು. "ಸಂಜೀ ಸೀರಿಯಲ್ ಮಧ್ಯಾಹ್ನ ಇನ್ನೊಮ್ಮೆ ಬರತೈತಿ. ಅಕ್ಕಾರ ಏನರ ಹಚ್ಯಾರೇನೋ ಅಂತ ಆಸೇಲೆ ಟಿ.ವಿ. ಚಾಲೂ ಮಾಡತೇನಿ. ದಿನಾ ಇವರ ಬರತಾರ."

"ಯಾವಾಗಿಂದ?"

"ಡಬ್ಬಿ ಬಂದ ವಾರದಿಂದ. ಅಕ್ಕಾರಿಗೆ ಹೇಳಬ್ಯಾಡವಾ, ಪಾಪ."

ಮೂಲೆಯಲ್ಲಿ ಕುಳಿತ ಒಬ್ಬಳು, "ಭಾಬಿ, ಅಂಥಾ ಜಂಪರ ಹೊಲ್ಯಾಕ ಅರಿವಿ ಎಷ್ಟ ಬೇಕಾಗತೈತಿ?" ಅಂದಳು. "ಕರ್ಚೀಪು ತಂದ ಕೊಡು, ಅದರಾಗ ಉಳಿದದ್ದ ಹೊಳ್ಳಿ ಕೊಡತೇನಿ" ಎಂದು ಭಾಬಿ ಗಂಭೀರವಾಗಿ ಹೇಳಿದಳು. ಸೆರಗುಗಳೆಲ್ಲ ಒಟ್ಟಿಗೆ ಬಾಯಿಂದ ಜಾರಿದವು. ನನ್ನ ಹೊಟ್ಟೆ ಹುಣ್ಣಾಯಿತು. ನಮ್ಮ ಪಡಸಾಲೆಯಲ್ಲಿ ಬಾಗಿಲು ಮುಚ್ಚಿ, ಹಳೆಯ ರಿಮೋಟಿನಿಂದ ಸದ್ದು ಪೂರ್ತಿ ಇಳಿಸಿ, ಇಡೀ ಊರಿಗೆ ಗುಟ್ಟಾಗಿ ತಿಳುವಳಿಕೆ ಬೆಳೆಸಿಕೊಳ್ಳುತ್ತಿದ್ದ ಮನುಷ್ಯನ ಮೋರೆ ಕಣ್ಣ ಮುಂದೆ ಬಂತು. ಅತ್ತೆಗೆ ಹೇಳಲಿಲ್ಲ. ಅವರಿಗೆ ಆಗಲೇ ಗೊತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಕೆಲ ದಿನಗಳಿಗೆ ಕಿತ್ತೂರಿನ ಷಡ್ಡಕರು ಹೆಂಡತಿಯನ್ನು ಕರೆದುಕೊಂಡು ನಮ್ಮ ಡಬ್ಬಿ ನೋಡಲು ಬಂದರು. ಮತ್ತೆ ಶಿರಾ, ಅವಲಕ್ಕಿ. ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕುಳಿತರು. ಷಡ್ಡಕರು ಲೋಕಾಭಿರಾಮವಾಗಿ, "ನೀವು ಯಾವ್ಯಾವ ಚಾನಲ್ ನೋಡತೀರಿ?" ಎಂದು ಕೇಳಿದರು.

"ನಾನು ಬಾತ್ಮಿ ಬಿಟ್ಟು ಇನ್ನೊಂದ ಮುಟ್ಟಂಗಿಲ್ಲ" ಎಂದು ಮಾವನವರು ಶುರು ಮಾಡಿದರು. ಅಲ್ಲಿಗೆ ನಿಲ್ಲಿಸಿದ್ದರೆ ಇಂದಿಗೂ ಅವರ ಮರ್ಯಾದೆ ಉಳಿದಿರುತ್ತಿತ್ತು. "ಆದ್ರ ಎಲ್ಲಾರೂ ನಮ್ಮಂಗ ಇರಂಗಿಲ್ಲ. ದೊಡ್ಡ ಮನಸ್ಸ ಮಾಡಿ ಹಿತ್ತಲ ಮನಿಗೆ ಲೈನ್ ಕೊಟ್ಟೇನಿ. ಆ ಮನ್ಯಾಗ ಮಧ್ಯಾಹ್ನ ಎಂಥೆಂಥಾ ಚಾನಲ್ ಹಚ್ತಾರಂದ್ರ, ಮರ್ಯಾದಸ್ತರು ಬಾಯಿಲೆ ಹೇಳಾಕ ಬರಂಗಿಲ್ಲ. ಆ ಬ್ಯಾಂಡ್ ಸಪ್ಪಳಕ್ಕ ನನಗ ನಿದ್ದೀನ ಹತ್ತೂದಿಲ್ಲ. ಗಂಡ ಮನ್ಯಾಗ ಇಲ್ಲ ನೋಡ್ರಿ, ಹೇಳಾವ್ರು ಕೇಳಾವ್ರು ಯಾರೂ ಇಲ್ಲ. ನಾಳೆನ ಆ ಲೈನ್ ಕೊಯ್ದ ಒಗಿತೇನಿ."

"ಎಂಥಾ ಚಾನಲ್ ಅದು? ಎಷ್ಟನೇ ನಂಬರ?" ಎಂದು ಷಡ್ಡಕರು ಮುಂದಕ್ಕೆ ಸರಿದರು.

ಅತ್ತೆ ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿದರು. ತನ್ನ ಗೆಳತಿಯ ಮೇಲೆ, ಗಂಡ ಮನೆಯಲ್ಲಿಲ್ಲದ ಹೆಣ್ಣುಮಗಳ ಮೇಲೆ, ಆ ಮಾತು ಬಿದ್ದದ್ದನ್ನು ಅವರಿಂದ ನುಂಗಲಾಗಲಿಲ್ಲ. ನಾನು ಆ ಮನೆಗೆ ಬಂದಾಗಿನಿಂದ ಅತ್ತೆ ಗಂಡನಿಗೆ ಮಂದಿಯ ಎದುರು ಎದುರಾಡಿದ್ದನ್ನು ಕಂಡಿರಲಿಲ್ಲ. ಅವರು ದನಿ ಏರಿಸಲೂ ಇಲ್ಲ.

"ಆ ಮನ್ಯಾಗ ಹಚ್ಚಾಕ ಬರಂಗಿಲ್ರಿ. ಅಲ್ಲಿ ಡಬ್ಬಿ ಇಲ್ಲ. ನೀವು ಇಲ್ಲಿ ಏನ್ ಹಚ್ತೀರೋ ಅದ ಅಲ್ಲಿ ಕಾಣತೈತಿ. ಕೂಡಿಸಾಕ ಬಂದಾವ ಹೇಳಿದ್ದ. ನೀವು ಲಿಂಬಿಹಣ್ಣ ನೋಡಾಕತ್ತಿದ್ರಿ."

ಮಾವನವರು "ಏನಂದಿ?" ಅಂದರು. ಇಡೀ ಸಂಸಾರದಲ್ಲಿ ಹೆಂಡತಿ ಏನಂದಳು ಎಂದು ಅವರು ಕೇಳಿದ್ದು ಅದೇ ಮೊದಲಿರಬೇಕು.

ಷಡ್ಡಕರು ಕುತೂಹಲದ ಮನುಷ್ಯ. "ಹೌದನ? ನೋಡೇ ಬಿಡೂಣ" ಎಂದು ಮಾವನವರ ಕಿಸೆಯಿಂದ ಅನಾಮತ್ತಾಗಿ ರಿಮೋಟು ಎತ್ತಿಕೊಂಡು ಒಂದು ಗುಂಡಿ ಒತ್ತಿದರು. ಪರದೆಯ ಮೇಲೆ ಕಾಡಿನ ಪ್ರಾಣಿಗಳ ಚಾನಲ್ಲು ಬಂತು. ಚಿಕ್ಕತ್ತೆ ಹಿತ್ತಲಿಗೆ ನಡೆದು ಗೋಡೆಯ ಹತ್ತಿರ ನಿಂತು, "ಭಾಬಿ, ಟಿ.ವಿ. ಚಾಲೂ ಮಾಡ್ರಿ, ಏನ್ ಬಂದೈತಿ ಹೇಳ್ರಿ" ಎಂದು ಕೂಗಿದರು.

ಸ್ವಲ್ಪ ತಡೆದು ಆಚೆಯಿಂದ ಉತ್ತರ ಬಂತು. "ಮೊಸಳಿ ಬಂದೈತ್ರಿ!"

ಷಡ್ಡಕರು ಇನ್ನೊಂದು ಒತ್ತಿದರು. "ಈಗ?"

"ಯಾರೋ ಬದನಿಕಾಯಿ ಹುರ್ಯಾಕತ್ತಾರ!"

ಷಡ್ಡಕರಿಗೆ ಆಟ ಹತ್ತಿತು. ಅವರು ಇನ್ನೂ ಒತ್ತುತ್ತಿದ್ದರೇನೋ. ಅಷ್ಟರಲ್ಲಿ ಭಾಬಿಯೇ ಗೋಡೆಯಾಚೆಯಿಂದ ದೊಡ್ಡ ದನಿಯಲ್ಲಿ, "ಅಕ್ಕಾರ, ಅಣ್ಣಾರಿಗೆ ಆರಾಮ ಇಲ್ಲೇನ್ರಿ? ಈ ಹೊತ್ತಿಗೆ ದಿನಾ ಅಡ್ಡಾಡೂ ಹುಡುಗ್ಯಾರು ಬರತಿದ್ರು, ಇವತ್ತ ಬರಲೇ ಇಲ್ಲ?" ಎಂದು ಕೇಳಿದಳು. ಅರಿಯದೆ ಕೇಳಿದಳೋ, ಮಾವನವರ ಮಾತು ಗೋಡೆ ದಾಟಿ ಅವಳ ಕಿವಿಗೂ ಬಿದ್ದಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ನಾನೂ ಕೆದಕಿ ಕೇಳಲಿಲ್ಲ.

ನನ್ನ ಗಂಡ ಅಂಗಡಿಯ ನೆಪ ಹೇಳಿ ಚಪ್ಪಲಿ ಮೆಟ್ಟಿದರು. ಮಾವನವರು ಮೊದಲು ಸೂರನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು. ಷಡ್ಡಕರು ಮೆಲ್ಲಗೆ ರಿಮೋಟನ್ನು ಅವರತ್ತ ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ. "ಪ್ಯಾಟಿಗೆ ಹೋಗಿ ಬರತೇನಿ" ಎಂದು ಟೊಪ್ಪಿಗೆ ಇಟ್ಟುಕೊಂಡು ಹೊರಟರು. ಷಡ್ಡಕರು ರಿಮೋಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಅತ್ತೆಯ ಮುಂದೆ, ಬತ್ತಿಯ ತಟ್ಟೆಯಲ್ಲಿ ಇಟ್ಟರು. ಚಿಕ್ಕತ್ತೆ ಅಕ್ಕನ ಪಕ್ಕ ಬಂದು ಕುಳಿತು, ಗಂಡನ ಮೋರೆಯನ್ನೂ ಆ ತಟ್ಟೆಯನ್ನೂ ಬಹಳ ಹೊತ್ತು ನೋಡಿದರು. ಕಿತ್ತೂರಿನಲ್ಲಿ ಮುಂದೆ ಏನಾಯಿತೋ ನಾನು ಹೇಳಲಾರೆ.

ಲೈನು ಕೊಯ್ಯುವ ಮಾತು ಮತ್ತೆ ಬರಲಿಲ್ಲ. ಮಾವನವರು ಕೆಲ ಕಾಲ ಕಟ್ಟೆಯ ಮೇಲೂ ಕೂರಲಿಲ್ಲ. ಮಧ್ಯಾಹ್ನ ನಿಜವಾಗಿಯೂ ನಿದ್ದೆ ಮಾಡತೊಡಗಿದರು.

ಕಿತ್ತೂರಿನವರನ್ನು ಬಸ್ಸಿಗೆ ಕಳಿಸಿದ ಆ ಸಂಜೆ ಅತ್ತೆ ದೀಪ ಹಚ್ಚಿ, ರಿಮೋಟನ್ನು ಸೆರಗಿನಿಂದ ಒರೆಸಿ, ಹಿತ್ತಲಿಗೆ ಹೋದರು. "ಭಾಬಿ, ಯಾವ್ದು ಹಚ್ಚಲಿ?" ಎಂದು ಕೇಳಿದರು. "ನಮ್ಮ ಸೀರಿಯಲ್ ಹಚ್ರಿ ಅಕ್ಕಾರ!" ಭಾಬಿ ಹೇಳಿದ್ದನ್ನೇ ಹಚ್ಚಿದರು, ನಾನು ಪಕ್ಕದಲ್ಲಿ ಕುಳಿತು ಗುಂಡಿ ತೋರಿಸಿಕೊಟ್ಟೆ. ಕತೆ ಎಲ್ಲಿಗೋ ಹೋಗಿಬಿಟ್ಟಿತ್ತು. ಯಾರು ಸತ್ತರು, ಯಾರ ಮದುವೆಯಾಯಿತು ಎಂದು ಇಬ್ಬರೂ ಪ್ರತಿ ಜಾಹೀರಾತಿಗೆ ಗೋಡೆಯ ಬಳಿ ನಿಂತು ಊಹಿಸಿದರು. ಅತ್ತೆ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ. ನನಗೂ ಹಗುರವೆನಿಸಿತು.

ಧಾರಾವಾಹಿ ಮುಗಿಯಿತು. ಅತ್ತೆ ಮತ್ತೆ ಹಿತ್ತಲಿಗೆ ಹೋಗಿ, "ಈಗ ಯಾವ್ದು ಹಚ್ಚಲಿ?" ಅಂದರು.

"ಇಷ್ಟೊತ್ತು ನಾ ಹೇಳಿದ್ದ ಆತಲ್ರಿ. ಈಗ ನಿಮಗ ಬೇಕಾದ್ದ ಹಚ್ರಿ ಅಕ್ಕಾರ. ನಾ ಅದನ್ನ ನೋಡತೇನಿ."

ಅತ್ತೆ ಬಂದು ಕುಳಿತರು. ರಿಮೋಟು ಕೈಯಲ್ಲಿತ್ತು, ಹೆಬ್ಬೆರಳು ಗುಂಡಿಗಳ ಮೇಲೆ ಸುಮ್ಮನೆ ಅಡ್ಡಾಡುತ್ತಿತ್ತು. ಒಂದನ್ನು ಒತ್ತಿದರು. ಪರದೆಯ ತುಂಬ ಚಾನಲ್ಲುಗಳ ಹೆಸರಿನ ಉದ್ದನೆಯ ಪಟ್ಟಿ ಬಂದು ನಿಂತಿತು. ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನನ್ನ ಕಡೆ ತಿರುಗಿ, "ನನಗ ಯಾವ್ದು ಬೇಕವಾ?" ಎಂದು ಕೇಳಿದರು.

ತಮಾಷೆಗೆ ಕೇಳಿದ್ದಲ್ಲ ಅದು. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತವಳು ನಾನು. ಅವರಿಗೆ ಏನು ಬೇಕೆಂದು ನಾನೂ ಒಮ್ಮೆ ಕೇಳಿದವಳಲ್ಲ.

ಗೋಡೆಯಾಚೆಯಿಂದ ಭಾಬಿ, "ಅಕ್ಕಾರ, ಬರೇ ಹೆಸರ ಕಾಣಾಕತ್ತಾವ್ರಿ!" ಎಂದು ಕೂಗಿದಳು.

"ತಡಿಯವಾ" ಅಂದರು ಅತ್ತೆ, "ನೋಡಾಕತ್ತೇನಿ."